ಎಮ್ಮೆಗೂ ‘ರೀ’

“ಬರ್ರೀ ಎಮ್ಮೀ, ಕೂಡ್ರೀ ಎಮ್ಮೀ, ಚಾ ಕುಡೀರ್ರೀ ಎಮ್ಮೀ…”

ಸಮೃದ್ಧಿ ತಲೆಗೆ ಟವೆಲ್ ಸುತ್ತಿಕೊಂಡು, ಹೊಟ್ಟೆ ಮುಂದೆ ಮಾಡಿ ಜಗಲಿಯಲ್ಲಿ ನಡೆಯುತ್ತಿದ್ದಳು. ತಮ್ಮ ಸಂದೇಶ ನಗುತ್ತಾ ನೆಲದ ಮೇಲೆ ಉರುಳಿದ. ಅಜ್ಜಿಯೂ ಬಾಯಿಗೆ ಸೆರಗು ಹಿಡಿದು ನಕ್ಕಳು.

ಅದು ಬಾಡಿಗೆ ಸಿ.ಡಿ.ಯಲ್ಲಿ ನೋಡಿದ ಸಿನಿಮಾದ ಮಾತು. ಹುಡುಗ ಒಂದು ಸೀಮೆಯವನು, ಹುಡುಗಿ ಇನ್ನೊಂದು ಸೀಮೆಯವಳು. ಹುಡುಗಿಯ ಅಪ್ಪ ಹುಡುಗನ ಮನೆಗೆ ಬರುತ್ತಾನೆ. ಬಂದವನು ಮೆಟ್ಟಿಲಲ್ಲಿ ಜಾರುತ್ತಾನೆ, ಪಾತ್ರೆಯಷ್ಟೂ ಅನ್ನ ತಿನ್ನುತ್ತಾನೆ, ಎಮ್ಮೆಗೂ ‘ರೀ’ ಹಚ್ಚಿ ಮಾತಾಡುತ್ತಾನೆ. ಕೊನೆಗೆ ಯಾಕೋ ಏನೋ, ಎಲ್ಲರೂ ಅಪ್ಪಿಕೊಂಡು ಕುಣಿಯುತ್ತಾರೆ.

ಸುಜಯ ಚಿಕ್ಕಪ್ಪ ಮಾತ್ರ ನಗಲಿಲ್ಲ. “ಸಾಕು. ಅವು ಬಪ್ಪ ಹೊತ್ತಾತು,” ಎಂದ.

ಅವನಿಗೆ ಹಾವೇರಿಯ ಬ್ಯಾಂಕಿನಲ್ಲಿ ಕೆಲಸ. ಅಲ್ಲೇ ಕೆಲಸ ಮಾಡುವ ಸೀತಾಳನ್ನು ಮದುವೆಯಾಗುತ್ತೇನೆ ಎಂದಾಗ ಅಜ್ಜಿ ಅವನ ಜೊತೆ ಮಾತು ಬಿಟ್ಟಿದ್ದಳು. ಅವರ ಜಾತಿ ಬೇರೆ, ಊಟ ಬೇರೆ, ಮಾತೇ ಬೇರೆ ಎಂದು ಅವಳ ಸಿಟ್ಟು. ಇವತ್ತು ಸೀತಾ ತನ್ನ ಅಪ್ಪ ಬಸಪ್ಪನವರ ಜೊತೆ ಶಿರಸಿಗೆ ಬರುವವಳಿದ್ದಳು.

ಬಂದ ಬಸಪ್ಪನವರನ್ನು ನೋಡಿ ಸಮೃದ್ಧಿಗೆ ನಿರಾಸೆಯೇ ಆಯಿತು. ತೆಳ್ಳಗಿನ ಮನುಷ್ಯ, ಕನ್ನಡಕ. ಮೆಟ್ಟಿಲಲ್ಲಿ ಜಾರಲಿಲ್ಲ. ತೆಳ್ಳಗಿನ ಅಕ್ಕಿ ದೋಸೆ, ತೆಳ್ಳೇವು, ಎರಡೇ ತಿಂದು ಸಾಕು ಎಂದರು.

“ಬಸ್ಸು ರಶ್ ಇತ್ತಾ?” ಅಜ್ಜಿ ಕೇಳಿದಳು.

“ಇಲ್ರಿ.”

ಸೀತಾ ಲೋಟ ನೋಡುತ್ತಾ ಕುಳಿತಳು. ಚಿಕ್ಕಪ್ಪ ಫ್ಯಾನ್ ನೋಡುತ್ತಾ ಕುಳಿತ.

“ಅಕ್ಕ ನಿಮ್ಮಾಂಗೇ ಮಾತಾಡ್ತು. ಸಿನಿಮಾದ್ದು,” ಎಂದುಬಿಟ್ಟ ಸಂದೇಶ.

ಸಮೃದ್ಧಿಗೆ ಓಡಿಹೋಗುವ ಹಾಗಾಯಿತು.

“ಹೌದೇನು? ಮಾಡವಾ, ನೋಡೂಣು,” ಎಂದರು ಬಸಪ್ಪನವರು.

ತಪ್ಪಿಸಿಕೊಳ್ಳಲು ಆಗಲಿಲ್ಲ. ಅವಳು ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಎಮ್ಮೆಯ ಮಾತು ಹೇಳಿದಳು. ಯಾರೂ ನಗಲಿಲ್ಲ.

“ಎಮ್ಮಿಗೆ ಯಾರರೆ ‘ರೀ’ ಅಂತಾರೇನವಾ?” ಬಸಪ್ಪನವರು ಕೇಳಿದರು. “ನಾನೂ ನೋಡೇನಿ ಆ ಸಿನಿಮಾ, ಆ ನಟಗ ನಮ್ಮ ಮಾತು ಬರಂಗಿಲ್ಲ. ಬರೇ ಒದರ್ತಾನ. ನಮ್ಮ ಊರ ಸಾಲಿ ಗ್ಯಾದರಿಂಗಿನ್ಯಾಗ ಹುಡುಗರು ನಿಮ್ಮ ಕಡೆಯವರ ಪಾರ್ಟ್ ಮಾಡ್ತಾರ. ಅದೂ ಹಿಂಗ ಇರ್ತದ.”

ಅವರು ಕುತ್ತಿಗೆ ಓರೆ ಮಾಡಿ, ಮೂಗಿನಲ್ಲಿ ಎಳೆದರು: “ಆನು ಚಾ ಕುಡಿತಿಲ್ಲೇ… ಆನು ನಗ್ತಿಲ್ಲೇ… ಆನು ಬರೇ ಅಡಕೆ ಎಣಿಸ್ತೇ…”

ಸಂದೇಶ ಕೂಡ ನಗಲಿಲ್ಲ. ಸಮೃದ್ಧಿಯ ಕಿವಿ ಬಿಸಿಯಾಯಿತು. ಇವರು ಅಣಕಿಸುತ್ತಿರುವುದು ಯಾರನ್ನು? ಅಜ್ಜಿಯನ್ನೇ?

“ಯಂಗ ಹಂಗೆ ಮಾತಾಡ್ತ್ವಿಲ್ಲೆ,” ಅಜ್ಜಿ ಗಡುಸಾಗಿ ಹೇಳಿದಳು.

“ಇಲ್ಲ ಬಿಡ್ರಿ. ನಾವೂ ಹಂಗ ಮಾತಾಡಂಗಿಲ್ಲ.”

ಅಜ್ಜಿ ಕೇಳಿದಳು, “ಆ ಸಿನಿಮಾ ಮಾಡಿದವ ಎಲ್ಲಿಯವನಂತೆ?”

“ಯಾರಿಗೆ ಗೊತ್ತು. ಹಾವೇರಿ ನೋಡಿದಂವ ಅಲ್ಲ.”

“ಎಮ್ಮೆನೂ ನೋಡಿದವ ಅಲ್ಲ. ಹಾಲು ಕರೆಯೋಕೆ ಆ ನಟನ್ನ ಎಮ್ಮೆ ಹಿಂದೆ ಕೂರಿಸಿದ್ದ. ನಾನಾಗಿದ್ರೆ ಅವನ್ನ ಕೊಟ್ಟಿಗೆ ಒಳಗೇ ಬಿಡ್ತಿರಲಿಲ್ಲ.”

“ಎಮ್ಮಿ ಒದ್ದಿದ್ರ ಸಿನಿಮಾ ಅಲ್ಲೇ ಮುಗೀತಿತ್ತು ನೋಡ್ರಿ. ನಮಗೂ ಛಲೋ ಆಗ್ತಿತ್ತು.”

ಅಜ್ಜಿ ನಕ್ಕಳು. ಈ ಸಲ ಬಾಯಿಗೆ ಸೆರಗು ಹಿಡಿಯಲಿಲ್ಲ. ಆಮೇಲೆ ಒಳಗೆ ಹೋಗುತ್ತಾ, “ಸೀತಾ, ಬಾ, ನಿಂಗೆ ಬಿಸಿ ತೆಳ್ಳೇವು ಎರೆದು ಕೊಡ್ತೆ,” ಎಂದಳು. ಚಿಕ್ಕಪ್ಪ ಫ್ಯಾನ್ ನೋಡುವುದನ್ನು ಬಿಟ್ಟ.

ಸಂಜೆ ಗೇಟಿನ ಹತ್ತಿರ ಬಸಪ್ಪನವರು ಆಟೋ ನಿಲ್ಲಿಸಿದರು. “ಬಸ್ ಸ್ಟ್ಯಾಂಡಿಗೆ ಬರ್ತೀರೇನ್ರಿ?” ಎಂದು ಡ್ರೈವರನ್ನು ಕೇಳಿದರು. ಆ ‘ರಿ’ ಎಷ್ಟು ಮೆತ್ತಗಿತ್ತೆಂದರೆ, ಕಿವಿಗೊಟ್ಟಿದ್ದಕ್ಕೆ ಮಾತ್ರ ಸಮೃದ್ಧಿಗೆ ಕೇಳಿಸಿತು.

ಸಂದೇಶ ಅವಳ ಫ್ರಾಕ್ ಎಳೆದ. “ಅಕ್ಕಾ, ಇನ್ನೊಂದ್ಸಲ ಅವರಂಗೆ ಮಾತಾಡು.”

“ಯಂಗೆ ಆ ಮಾತು ಬತ್ತಿಲ್ಲೆ,” ಎಂದಳು ಸಮೃದ್ಧಿ. ಆಟೋ ತಿರುವು ದಾಟುವವರೆಗೂ ಅವಳು ಗೇಟು ಹಿಡಿದುಕೊಂಡು ನಿಂತಿದ್ದಳು.