ಕೈ ಎತ್ತಿದರೆ ರೇಸ್

ಟಿವಿಗೆ ಮೂರು ಸಾವಿರ ರೂಪಾಯಿ. ಜನರೇಟರಿಗೆ ಆರು ಸಾವಿರ. ಇವೆರಡರ ನಡುವೆ ಸಿಕ್ಕಿ ಪ್ರತಿ ಭಾನುವಾರ ಸಾಯುತ್ತಿದ್ದ ಫ್ಯೂಜಿಗೆ ಎಂಟಾಣೆ. ವಾಡಿಯ ಟಿವಿ ಮೆಕ್ಯಾನಿಕ್ ಚಂದ್ರಾಮನ ಬದುಕು ನೇತಾಡುತ್ತಿದ್ದದ್ದು ಆ ಎಂಟಾಣೆಯ ತಂತಿಗೆ.

೧೯೮೪ರ ಮಾತು. ಭಾನುವಾರ ಸಂಜೆ ಸಿನಿಮಾದ ಹೊತ್ತಿಗೇ ಕರೆಂಟ್ ಹೋಗುತ್ತಿತ್ತು. ಆಗ ಊರಿಗೆಲ್ಲ ಟಿವಿ ತೋರಿಸುವ ತರುಣ ಸಂಘದ ಅಂಗಳದಲ್ಲಿ ಅನಸುಬಾಯಿ ತನ್ನಪ್ಪನ ಬಾಡಿಗೆ ಜನರೇಟರ್ ಶುರು ಮಾಡುತ್ತಿದ್ದಳು. ಹಳೇ ಮಷಿನು, ಅದರ ಓಟ ಒಂದೇ ಸಮನೆ ಇರುತ್ತಿರಲಿಲ್ಲ. ವೋಲ್ಟೇಜ್ ಇಳಿದರೆ ಪರದೆಯ ಹೀರೋಯಿನ್ ಕುಗ್ಗಿ ಕುಳ್ಳಿಯಾಗುವಳು. ಏರಿದರೆ ಫ್ಯೂಜ್ ಢಂ. ಮಷಿನಿನ ಸದ್ದಿನಲ್ಲಿ ಮಾತು ಕೇಳದು. ಹಾಗಾಗಿ ಒಳಗೆ ಮೀಟರ್ ನೋಡುವ ಚಂದ್ರಾಮ ಕಿಟಕಿಯಿಂದ ಸನ್ನೆ ಮಾಡಬೇಕು: ಕೈ ಎತ್ತಿದರೆ ರೇಸ್, ಅಂದರೆ ಮಷಿನಿನ ಓಟ, ಹೆಚ್ಚು; ಇಳಿಸಿದರೆ ಕಡಿಮೆ.

ನಾಲ್ಕು ವಾರ ಫ್ಯೂಜ್ ಸುಟ್ಟಿತು. ಐದನೇ ವಾರ ಸಂಘದ ಹಿರಿಯ ದೇವೀಂದ್ರಪ್ಪ ಮೊದಲೇ ಗುಡುಗಿದ: "ಇವತ್ತೂ ಹೋತಂದ್ರ ಶಹಾಬಾದಿನ ಜನರೇಟರ್ ತರಸ್ತೀನಿ. ಅನಸುಬಾಯಿ, ನಿನ್ನ ಡಬ್ಬಾ ಮನ್ಯಾಗೇ ಇಟ್ಕೊ!"

ಚಂದ್ರಾಮ ಬೇರೆಯೇ ಲೆಕ್ಕ ಹಾಕಿದ. ಡಬ್ಬಾ ಬರದಿದ್ದರೆ ಅನಸುಬಾಯಿಯೂ ಬರುವುದಿಲ್ಲ.

ಸಿನಿಮಾ ಅರ್ಧ ಆಗಿತ್ತು. ಮೀಟರಿನ ಮುಳ್ಳು ಸರಿಯಾಗಿ ಇನ್ನೂರಾ ಇಪ್ಪತ್ತು ವೋಲ್ಟಿಗೆ ತೆಪ್ಪಗೆ ಕೂತಿತ್ತು. ಹೊರಗೆ ಅನಸುಬಾಯಿ ಬೆವರೊರೆಸಲು ಹೋಗಿ ಕೆನ್ನೆಗೆ ಗ್ರೀಸಿನ ಗೆರೆ ಎಳೆದುಕೊಂಡಳು. ಕಿಟಕಿಯತ್ತ ನೋಡಿದಳು. ನೋಡಿ ನಕ್ಕಳು.

ಚಂದ್ರಾಮನ ಕೈ ತಾನಾಗಿ ಮೇಲೇರಿ ಕ್ರಾಪು ತೀಡಿತು.

ಆಕೆ ರೇಸ್ ಏರಿಸಿದಳು. ಢಂ.

"ಒಯ್ರಿ ಆ ಡಬ್ಬಾ!" ದೇವೀಂದ್ರಪ್ಪ ಎದ್ದ.

ಅನಸುಬಾಯಿ ಮಷಿನು ಬಂದ್ ಮಾಡಿ ಒಳಗೆ ಓಡಿಬಂದಳು. ಕಣ್ಣಲ್ಲಿ ನೀರು. "ನೀವೇ ಕೈ ಎತ್ತಿದ್ರಲ್ರಿ!"

ಕೈ ಇನ್ನೂ ತಲೆಯ ಮೇಲೇ ಇದೆಯೆಂದು ಚಂದ್ರಾಮನಿಗೆ ಆಗ ತಿಳಿಯಿತು. ತನ್ನ ಕೆಲಸ ಹೋದರೂ ಹೋಗಲಿ ಎಂದುಕೊಂಡ. "ಡಬ್ಬಾದ್ದು ತಪ್ಪಿಲ್ರಿ ಕಾಕಾ, ನಂದು. ಈಕಿ ನೋಡಿದ್ಳಂದ್ರ ನನ್ನ ಕೈ ತಲಿಗಿ ಹೋಗ್ತದ. ಐದೂ ವಾರ ಹಿಂಗೇ ಆಗ್ಯಾದ."

ಜನ ಗೊಳ್ಳೆಂದು ನಕ್ಕರು. ಟಿವಿ ಇಲ್ಲದಿದ್ದರೂ ಒಬ್ಬರೂ ಜಾಗ ಬಿಟ್ಟೇಳಲಿಲ್ಲ.

"ಕಿಟಕ್ಯಾಗ ಒಂದು ಬಲ್ಬ್ ಕಟ್ತೀನಿ," ಅಂದ ಚಂದ್ರಾಮ, ತಲೆ ತಗ್ಗಿಸಿ ಹೊಸ ಫ್ಯೂಜ್ ಹಾಕುತ್ತ. "ಅದು ಮಂಕಾದ್ರ ರೇಸ್ ಏರಸ್ರಿ, ಭಾಳ ಬೆಳಗಿದ್ರ ಇಳಸ್ರಿ. ನನ್ನ ನೋಡೋದು ಬ್ಯಾಡ."

"ಬಲ್ಬ್ ನೋಡ್ಕೋತ ಕುಂತ್ರ ನಿಮ್ಮನ್ಯಾರು ನೋಡಬೇಕ್ರಿ?" ಅಂದುಬಿಟ್ಟಳು ಅನಸುಬಾಯಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ದೇವೀಂದ್ರಪ್ಪ ಕೆಮ್ಮಿದ. "ಚಂದ್ರಾಮ, ನಾಳಿಗಿ ಈಕಿ ಅಪ್ಪ ನಾಮದೇವನ ಹತ್ರ ಹೆಣ್ಣು ಕೇಳಾಕ ಹೋಗಮು. ಕೈ ಮಾತ್ರ ಕಿಸೇದಾಗ ಇಟ್ಕೊ."

ಹೋದದ್ದು ಐದು ಫ್ಯೂಜು. ಬಂದದ್ದು ಅನಸುಬಾಯಿ, ಜೊತೆಗೆ ಡಬ್ಬಾ.