ಅವಳೊಬ್ಬಳ ಕೆಲಸ ಬಾಕಿಯಿತ್ತು

“ನಿಮಗೆ ಒಂಚೂರೂ ಕರುಣೆ ಇಲ್ವಾ?”

ಆಸ್ಪತ್ರೆಯ ಸರ್ವರ್ ಕೋಣೆಯ ಬಾಗಿಲನ್ನು ದಡಾರನೆ ತಳ್ಳಿ ಅವಳು ಒಳನುಗ್ಗಿದಳು. ರಕ್ತನಿಧಿಯಲ್ಲಿ ದಾನಿಗಳ ವಿವರ ಕಂಪ್ಯೂಟರಿಗೆ ಸೇರಿಸುವ ಹುಡುಗಿ. ಅಕ್ಕನ ಜೊತೆ ಅವಳ ಹುಟ್ಟುಹಬ್ಬದ ಊಟಕ್ಕೆ ಹೊರಟವಳನ್ನು ಒಳಗೆ ಕೂತಿದ್ದವನ ಫೋನು ಅರ್ಧ ದಾರಿಯಿಂದ ವಾಪಸ್ ಕರೆಸಿತ್ತು.

ಅವನು ಡೇಟಾಬೇಸ್ ನೋಡಿಕೊಳ್ಳುವವನು. ಎಲ್ಲರ ಬಾಯಲ್ಲೂ ‘ಮೌನಿ’. ತಿಂಗಳುಗಟ್ಟಲೆ ಫೋನಿನಲ್ಲಷ್ಟೇ ಕೇಳಿದ್ದ ದನಿಯ ಮುಖವನ್ನು ಅವಳು ನೋಡಿದ್ದು ಇವತ್ತೇ.

“ದಿನಾ ಸಂಜೆ ‘ಮುಗೀತಾ, ಮುಗೀತಾ’ ಅಂತ ಪ್ರಾಣ ತಿಂತೀರಿ. ಇವತ್ತು ಮುಗಿಸಿ ಹೋದ್ರೂ ಬಿಡಲ್ವಲ್ಲ!”

“ಮುಗಿದಿಲ್ಲ... ಅದನ್ನೇ ಹೇಳೋಕೆ ಹೊರಟೆ, ಅಷ್ಟರಲ್ಲಿ ನೀವು ಫೋನ್ ಇಟ್ಬಿಟ್ರಿ.”

ಅವನು ಪರದೆ ತಿರುಗಿಸಿದ. ಉಳಿದವರೆಲ್ಲ ಲಾಗ್‌ಔಟ್ ಆಗಿದ್ದರು. ಅವಳ ಹೆಸರೊಂದೇ ಉಳಿದಿತ್ತು.

“ರಾತ್ರಿ ಬ್ಯಾಕಪ್‌ಗೆ ಮುಂಚೆ ಡೇಟಾಬೇಸ್ ನಿಲ್ಲಿಸ್ಬೇಕು. ನೀವು ಬೆಳಗ್ಗೆಯಿಂದ ಸೇರಿಸಿದ್ದು ಸೇವ್ ಆಗಿಲ್ಲ. ಬಲವಂತವಾಗಿ ನಿಲ್ಲಿಸಿದ್ರೆ ಅಷ್ಟೂ ಹೋಗತ್ತೆ.”

ರಕ್ತದಾನ ಶಿಬಿರಕ್ಕೆ ಬಂದ ಅಷ್ಟೂ ಜನರ ವಿವರ... ಅಪರೂಪದ ಗುಂಪಿನವರೂ ಇದ್ದರು!

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮೇಲಧಿಕಾರಿಯ ಕೂಗು ಅವಳಿಗೂ ಕೇಳಿಸಿತು.

“ಸುಮ್ನೆ ನಿಲ್ಲಿಸಿ ಅಂತ ಎಷ್ಟು ಸಲ ಹೇಳೋದ್ರೀ?”

“ಇಲ್ಲ ಸರ್, ಕೆಲಸ ಬಾಕಿ ಇದೆ. ಬ್ಯಾಕಪ್ ತಡವಾದ್ರೆ ಜವಾಬ್ದಾರಿ ನಂದು.”

ಅವಳ ಹೆಸರನ್ನು ಅವನು ಎತ್ತಲೇ ಇಲ್ಲ!

ಅವಳು ಮಹಡಿ ಹತ್ತಿ ತನ್ನ ಕಂಪ್ಯೂಟರಿನತ್ತ ಓಡಿದಳು. ಎಲ್ಲವನ್ನೂ ಸೇವ್ ಮಾಡಿ, ಲಾಗ್‌ಔಟ್ ಆಗಿ, ಏದುಸಿರು ಬಿಡುತ್ತಾ ಮತ್ತೆ ಕೆಳಗಿಳಿದಳು. ಒಳಗೆ ಯಾರೂ ಉಳಿದಿಲ್ಲವೆಂದು ಇನ್ನೊಮ್ಮೆ ನೋಡಿ ಅವನು ಡೇಟಾಬೇಸ್ ನಿಲ್ಲಿಸಿದ. ಅದು ಪೂರ್ತಿ ನಿಂತಿತೆಂದು ಪರದೆ ಹೇಳಿದ ಮೇಲೆಯೇ ಬ್ಯಾಕಪ್ ಶುರು ಮಾಡಿದ.

“ಸಾರಿ... ನನ್ನನ್ನ ಬೇಗ ಮನೆಗೆ ಓಡಿಸೋಕೆ ದಿನಾ ಫೋನ್ ಮಾಡ್ತೀರಿ ಅಂದ್ಕೊಂಡಿದ್ದೆ. ಎಲ್ಲರಿಗೂ ಹೀಗೇ ಫೋನ್ ಮಾಡ್ತೀರಾ?”

“ಇಲ್ಲ. ಬೇರೆಯವರಿಗೆಲ್ಲ ಮೆಸೇಜ್ ಹೋಗತ್ತೆ.”

“ಮತ್ತೆ ನನಗೆ?”

ಅವನ ಕಿವಿ ಕೆಂಪಾಯಿತು.

“ನಿಮ್ಮ ದನಿ ಕೇಳೋಕೆ... ಬೇರೆ ನೆಪ ಇರ್ಲಿಲ್ಲ.”

ಅಯ್ಯೋ... ದಿನಾ ಬೈಸಿಕೊಳ್ಳೋಕೇ ಫೋನ್ ಮಾಡ್ತಿದ್ನಾ ಈ ಪುಣ್ಯಾತ್ಮ! ಅವಳಿಗೆ ನಗು ಬಂತು. ಕಣ್ಣೂ ತುಂಬಿತು.

“ಅಕ್ಕ ಗೇಟ್ ಹತ್ರ ಕಾಯ್ತಿದಾಳೆ. ಊಟಕ್ಕೆ ನೀವೂ ಬನ್ನಿ.”

“ನಾನು ಯಾರು ಅಂತ ಕೇಳಿದ್ರೆ?”

“ಮೊದಲು ನನಗೆ ‘ನೀವು’ ಅನ್ನೋದು ಬಿಡಿ. ಆಮೇಲೆ ಹೇಳ್ತೀನಿ.”

ಮೌನಿ ಕುರ್ಚಿಯಿಂದ ಎದ್ದ.

“ಸರಿ... ಬಾ, ಹೋಗೋಣ.”

“ಹೂಂ... ನಡಿ.”