ಬರ್ತೀನಿ ಎಂದು ಬರೆದ ಗಾಲಿ

ಮಂಗಳನ ನೆಲದ ಮೇಲೆ ಗಾಲಿ ಉರುಳಿತು, ಹಿಂದೆಯೇ ಇಟ್ಟಿಗೆ ಬಣ್ಣದ ಗಟ್ಟಿ ಜಾಡೊಂದು ಮೂಡಿತು. ಆ ಗಾಲಿಯ ಅಂಚು ಕುಲುಮೆಯಂತೆ ಕಾಯುತ್ತದೆ. ಅದರಡಿ ಸಿಕ್ಕ ಧೂಳು ಬೆಂದು ಹೆಂಚಿನಂತಾಗುತ್ತದೆ, ಎಂಥ ಗಾಳಿಗೂ ಅಳಿಸದು. ಧೂಳು ಕವಿದು ದಿಕ್ಕು ತಪ್ಪಿದವರು ಆ ಜಾಡು ಹಿಡಿದು ನೆಲೆ ಸೇರಬಹುದು. ಇಸವಿ ೨೦೬೪. ಚಳ್ಳಕೆರೆಯಾಚೆಯ ನಿಯಂತ್ರಣ ಕೇಂದ್ರದಲ್ಲಿ ಕೂತು ಬಂಡಿಯ ಮೊದಲ ಓಟ ನೋಡುತ್ತಿದ್ದ ಬೋರೇಶನಿಗೆ ನಗು ತಡೆಯಲಾಗಲಿಲ್ಲ. ಗಾಲಿ ಅವನದೇ ಕೈಕೆಲಸ.

"ಯಾಕೋ ಹಲ್ಲು ಕಿರೀತೀಯ?" ಎಂದರು ಯೋಜನೆಯ ಮುಖ್ಯಸ್ಥೆ ಬಳಿಗಾರ ಮೇಡಂ.

"ಗಾಲಿ ಎಲ್ರುದೂ ತಿರುಗುತ್ತೆ ಮೇಡಂ. ಬೋರೇಶನ ಗಾಲಿ ಮಾತಾಡುತ್ತೆ!"

"ಡೈಲಾಗ್ ಸಾಕು. ತಾಪಮಾನ ಎಷ್ಟಿದೆ ಓದು."

ಅದು ಬರೀ ಡೈಲಾಗ್ ಆಗಿರಲಿಲ್ಲ. ನಕ್ಷೆಯ ಪ್ರಕಾರ ಗಾಲಿಯ ಅಂಚಿನಲ್ಲಿ ಜಾಡಿನ ಮೇಲೆ ಗುರುತು ಒತ್ತುವ ಎರಡು ಅಚ್ಚು. ನೆಲೆಯಿಂದ ಹೊರಟಾಗ ಒಂದು ಮೇಲೇಳುತ್ತದೆ, ಮರಳುವಾಗ ಇನ್ನೊಂದು. ಎರಡೂ ಬಾಣದ ಗುರುತು, ಎರಡರ ಮೊನೆಯೂ ನೆಲೆಯ ಕಡೆಗೇ. ಉಡಾವಣೆಗೆ ಮುಂಚಿನ ಕೊನೆಯ ವಾರ ಬೋರೇಶ ಯಾರಿಗೂ ಹೇಳದೆ ಬಾಣಗಳನ್ನು ಕಿತ್ತು ಅಕ್ಷರ ಕೂರಿಸಿಬಿಟ್ಟಿದ್ದ. ಹೊರಡುವ ಅಚ್ಚಿಗೆ 'ಬರ್ತೀನಿ', ಮರಳುವ ಅಚ್ಚಿಗೆ 'ಬಂದೆ'. ಅಚ್ಚುಮೊಳೆಯ ಹಾಗೆ ಉಲ್ಟಾ ಕೊರೆದಿದ್ದರಿಂದ ತಪಾಸಣೆಯವರ ಕಣ್ಣಿಗೆ ಅದು ಯಾವುದೋ ಅಂಕುಡೊಂಕು ವಿನ್ಯಾಸ. ಮನೆ ಬಿಡುವವರು ಬರ್ತೀನಿ ಅಂತಾರೆ, ಮರಳಿದವರು ಬಂದೆ ಅಂತಾರೆ. ಬಾಣಕ್ಕಿಂತ ಇದೇ ಸಲೀಸಲ್ಲವೇ ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡಿದ್ದ.

ಈ ತರಲೆಯೆಲ್ಲ ದಾಕ್ಷಾಯಿಣಿಗಾಗಿ. ಮಂಗಳನ ನೆಲೆಯಲ್ಲಿದ್ದ ಮೂವರಲ್ಲಿ ಅವಳೊಬ್ಬಳು. ಶಿಲೆಗಳನ್ನು ಓದುವವಳು, ಕಾಲೇಜಿನ ದಿನದಿಂದ ಬೋರೇಶನ ಜೀವದ ಗೆಳತಿ. ಭೂಮಿ ಬಿಡುವ ದಿನ ಅವಳು "ಹೋಗ್ತೀನಿ ಕಣೋ" ಅಂದಿದ್ದಳು.

"ಬಾಯಿ ತೊಳ್ಕೊಳ್ಳೇ! ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ಬೇಕು."

"ಹೋಗೋಳು ಹೋಗ್ತೀನಿ ಅಂತಾಳೆ, ಬರೋಳು ಬರ್ತೀನಿ ಅಂತಾಳೆ. ನಿಮ್ಮವ್ವನ ಶಾಸ್ತ್ರ ನನ್ಹತ್ರ ಬೇಡ."

ಅವಳು ಮೊದಲಿಂದಲೂ ಹಾಗೇ, ಬರ್ತೀನಿ ಅಂದವಳೇ ಅಲ್ಲ. ಆ ಮಾತು ಬೋರೇಶನಿಗೆ ಚುಚ್ಚಿತ್ತು. ನೀನು ಅನ್ನದಿದ್ದರೆ ನನ್ನ ಗಾಲಿ ಹೆಜ್ಜೆಹೆಜ್ಜೆಗೂ ಅನ್ನುತ್ತದೆ, ನೋಡ್ತಿರು ಎಂದುಕೊಂಡಿದ್ದ.

ಬಂಡಿ ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿತು. ಆಮೇಲೆ ದಾಕ್ಷಿ ಒಬ್ಬಳೇ ಕಲ್ಲು ಆರಿಸಲು ಹೊರಟಳು. ಅರ್ಧ ದಾರಿಯಲ್ಲಿ ಧೂಳೆದ್ದಿತು. ನೆಲೆಯ ರೇಡಿಯೋ ಸತ್ತಿತು. ಅವಳ ದನಿ ಉಪಗ್ರಹದ ಮೂಲಕ ಭೂಮಿಗಷ್ಟೇ ತಲುಪುತ್ತಿತ್ತು, ಅದೂ ಹದಿನಾಲ್ಕು ನಿಮಿಷ ತಡವಾಗಿ. ಅಷ್ಟು ದೂರ ಕ್ರಮಿಸಲು ರೇಡಿಯೋ ಅಲೆಗೂ ಅಷ್ಟು ಹೊತ್ತು ಬೇಕು.

"ಜಾಡು ಸಿಕ್ತು! ಆಮ್ಲಜನಕ ಐವತ್ತು ನಿಮಿಷಕ್ಕಿದೆ. ನೆಲೆ ಇಪ್ಪತ್ತೈದು ನಿಮಿಷದ ನಡಿಗೆ. ಭಯ ಇಲ್ಲ." ಆಮೇಲೆ ಜೋರು ನಗು. "ಲೇ ಬೋರ, ಬಾಣ ಎಲ್ಲೋ? ಬರ್ತೀನಿ ಅಂತ ಬರ್ದಿದೀಯಲ್ಲೋ ಕಳ್ಳ, ಸಿಕ್ಕಿಬಿದ್ದೆ! ಸರಿ, ಬರ್ತೀನಿ ಅಂದ್ರೆ ಬಂಡಿ ವಾಪಸ್ ಬಂದ ಜಾಡು. ಅಕ್ಷರ ಸಾಗಿದ ಕಡೆಗೇ ನಾನೂ ನಡೀತಿದೀನಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಬೋರೇಶ ಕುರ್ಚಿ ಬಿಟ್ಟು ಎದ್ದ.

"ಮೇಡಂ, ಅದು ಹೋದ ಜಾಡು. ಅವ್ಳು ನೆಲೆಗೆ ಬೆನ್ನು ಹಾಕಿ ನಡೀತಿದಾಳೆ."

ಅವನೇ ಮೈಕು ಕಿತ್ತುಕೊಂಡು ಕಿರುಚಿದ: "ತಿರುಗು ದಾಕ್ಷಿ! ಅದು ಹೊರಟಾಗಿನ ಮಾತು ಕಣೇ, ಬರುವಾಗಿನದಲ್ಲ. ತಿರುಗು!"

ಬಳಿಗಾರ ಮೇಡಂ ಹಲಗೆಯ ಮೇಲೆ ಲೆಕ್ಕ ಹಾಕಿದರು. ಅವಳ ದನಿ ಬರಲು ಹದಿನಾಲ್ಕು, ಇವನ ಕೂಗು ಮುಟ್ಟಲು ಹದಿನಾಲ್ಕು. ಅಷ್ಟರಲ್ಲಿ ಅವಳು ಇಪ್ಪತ್ತೆಂಟು ನಿಮಿಷದ ದಾರಿ ಆಚೆಗೆ ನಡೆದಿರುತ್ತಾಳೆ. ಮರಳಲು ಐವತ್ತಮೂರು ನಿಮಿಷ ಬೇಕು. ಉಸಿರಿರುವುದು ಇಪ್ಪತ್ತೆರಡಕ್ಕೆ. ಮೇಡಂ ಬರೆದದ್ದನ್ನು ಅಂಗೈಯಿಂದಲೇ ಒರೆಸಿದರು.

ಅಲ್ಲಿಂದ ಇಪ್ಪತ್ತೆಂಟು ನಿಮಿಷ ಅವಳ ಹಳೆಯ ಮಾತುಗಳು ಬರುತ್ತಲೇ ಇದ್ದವು. "ಬೋರ, ಊರಿಗೆ ಬಂದ್ಮೇಲೆ ನಿನ್ ಗಾಲಿಗೆ ಒಂದು ಹಾರ ಹಾಕ್ತೀನಿ." ಆಮೇಲೆ, "ನೆಲೆಯ ದೀಪ ಇಷ್ಟೊತ್ತಿಗೆ ಕಾಣ್ಬೇಕಿತ್ತು." ಆಮೇಲೆ ಬರೀ ಹೆಜ್ಜೆಯ ಸದ್ದು.

ಕೊನೆಗೆ ಹೆಜ್ಜೆ ನಿಂತಿತು. ಅವನ ಕೂಗು ಅವಳಿಗೆ ಮುಟ್ಟಿತ್ತು.

"ಓ... ಹಂಗಾ." ಬೂಟು ಹಿಂದಕ್ಕೆ ಹೊರಳಿದ ಸದ್ದು ಕೇಳಿಸಿತು. "ತಿರುಗಿದೀನಿ ಕಣೋ. ನಡೀತೀನಿ, ಎಲ್ಲಿ ತನಕ ಆಗುತ್ತೋ ಅಲ್ಲಿ ತನಕ. ಲೆಕ್ಕ ನಂಗೂ ಬರುತ್ತೆ, ನೀನು ಹೇಳ್ಬೇಡ." ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಅವಳು ಹೇಳಿದಳು:

"ಬರ್ತೀನಿ, ಬೋರ."

ವಿಚಾರಣೆಯಲ್ಲಿ ಬೋರೇಶ ಎಲ್ಲವನ್ನೂ ತಾನೇ ಒಪ್ಪಿಕೊಂಡ, ಒಂದೂ ಡೈಲಾಗ್ ಹೊಡೆಯದೆ. ಕೆಲಸ ಹೋಯಿತು. ಹೊಸ ಗಾಲಿಗಳಿಗೆ ಬಾಣಗಳೇ ಬಂದವು. 'ಬರ್ತೀನಿ' ಎಂಬ ಜಾಡು ಮಾತ್ರ ಇನ್ನೂ ಅಲ್ಲೇ ಇದೆ. ಅಳಿಸದಂತೆ ಮಾಡಿದ್ದೇ ಅವನಲ್ಲವೇ.

ಈಗ ಅವನು ಊರಲ್ಲಿ, ಲೋಹ ಕಡೆಯುವ ಲೇತ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಾನೆ. ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಲ್ಲುತ್ತಾನೆ. ಒಂದು ಮಾತು ಅನ್ನಬಾರದು, ಇನ್ನೊಂದು ಅನ್ನಲಾರ.

"ಏನಾದ್ರೂ ಹೇಳಿ ಹೋಗಪ್ಪ," ಎನ್ನುತ್ತಾಳೆ ಅವ್ವ.

"ಆರೂವರೆಗೆ ಮನೇಲಿರ್ತೀನವ್ವ," ಎನ್ನುತ್ತಾನೆ ಬೋರೇಶ. ಆರೂಕಾಲಿಗೇ ಬಂದು ಬಾಗಿಲಲ್ಲಿ ನಿಂತಿರುತ್ತಾನೆ.